ಜಂಬುಲಿಂಗಪ್ಪ ಮೇಷ್ಟ್ರ ಹಸಿಮಣ್ಣಿನ ನಾಗಪ್ಪ

ಸಿದ್ದಾಪುರದ ಪಕ್ಕದ ನಮ್ಮ ಹಳ್ಳಿಗೆ ಜಂಬುಲಿಂಗಪ್ಪ ಮೇಷ್ಟ್ರು ಬಂದದ್ದು ಸಾವಿರದ ಒಂಬೈನೂರ ಎಂಟರ ಸುಮಾರಿಗೆ. ಕೋಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ನಮ್ಮ ಬಿಸಿಲಿನಲ್ಲಿ ಬೇಯುತ್ತಿದ್ದ ಸಾಧು ಮನುಷ್ಯ. ಊರಿನ ಹುಡುಗರೆಲ್ಲ ಕುರಿಗಳ ಹಿಂದೆ ಹೋಗುತ್ತಿದ್ದರಿಂದ ಶಾಲೆಗೆ ಬರುತ್ತಿದ್ದವರು ನಾವೊಂದು ಹಿಡಿಯಷ್ಟು ಜನ. ಹುಡುಗರು ಹೆಚ್ಚದಿದ್ದರೆ ಶಾಲೆಯನ್ನು ದೇವಸಮುದ್ರಕ್ಕೆ ಸಾಗಿಸುವುದಾಗಿ ಇನ್‌ಸ್ಪೆಕ್ಟರು ಹೇಳಿಹೋಗಿದ್ದರು. ಅವರು ಮತ್ತೆ ಬರುವಷ್ಟರಲ್ಲಿ ಏನಾದರೂ ತೋರಿಸಲೇಬೇಕೆಂದು ಮೇಷ್ಟ್ರು ನಮ್ಮ ಕೈಗೆ ಕೆರೆಯ ಮಣ್ಣು ಕೊಟ್ಟರು.

"ಗುಡ್ಡದಲ್ಲಿ, ಹೊಲದಲ್ಲಿ ಕಂಡಿದ್ದನ್ನೇ ಮಾಡಿ. ಶಾಲೆ ಮುಂದೆ ಬಯಲಲ್ಲಿ ಇಡೋಣ."

ಕುರಿ, ಓತಿಕ್ಯಾತ, ನವಿಲು ಎದ್ದು ನಿಂತವು. ನನ್ನ ಆಮೆಯನ್ನು ಮೇಷ್ಟ್ರು ಬಹಳ ಹೊತ್ತು ನೋಡಿ, "ಬಂಡೆ ಚೆನ್ನಾಗಿದೆ" ಎಂದರು. ನಾನೂ ಹೌದೆಂದೆ. ನಮ್ಮ ಜೊತೆಯ ಗಾದ್ರಪ್ಪ ಮಾಡಿದ ಹೆಡೆಯೆತ್ತಿದ ಹಾವು ಮಾತ್ರ ಈಗಲೋ ಆಗಲೋ ಬುಸ್ ಅನ್ನುವಂತಿತ್ತು. ಪೇಟೆಯಲ್ಲಿ ಬೆಳೆದ ಮೇಷ್ಟ್ರು, ನೆರಳಿರಲಿ ಎಂದು, ಅದನ್ನು ಬೇವಿನ ಬುಡದಲ್ಲಿಟ್ಟರು. ಎಡವಟ್ಟಾದದ್ದು ಅಲ್ಲೇ.

ಮರುದಿನ ಬೆಳಿಗ್ಗೆ ನೀರಿಗೆ ಹೊರಟ ಕೆಂಚಕ್ಕ ಅದನ್ನು ಕಂಡು ಕೊಡ ಇಳಿಸಿ ಕೈಮುಗಿದಳು. ಇನ್‌ಸ್ಪೆಕ್ಟರ ಗಾಡಿ ಬರುವ ಹೊತ್ತಿಗೆ ಹಾವಿಗೆ ಅರಿಶಿನ ಕುಂಕುಮ ಏರಿ, ಹೆಂಗಸರು ಹಾಲಿನ ಚೊಂಬು ಹಿಡಿದು ಸುತ್ತುಗಟ್ಟಿದ್ದರು.

"ಅಕ್ಕಾ, ಹಾಲು ಹೊಯ್ಯಬೇಡಿ! ಹಸಿಮಣ್ಣು! ಹುಡುಗರು ಮಾಡಿದ್ದು!"

"ಎಲ್ಲಾ ನಾಗಪ್ಪನ್ನೂ ಯಾರಾನಾ ಮಾಡೇ ಇರ್ತಾರೆ ಬಿಡ್ರಿ ಮೇಷ್ಟ್ರೇ" ಎಂದು ಕೆಂಚಕ್ಕ ಹೊಯ್ದೇಬಿಟ್ಟಳು; ಉಳಿದವರೂ ಸುರಿದರು.

ಹೆಡೆ ಮೆಲ್ಲಗೆ ಬಾಗಿತು, ಕುಸಿಯಿತು, ಕೆಸರಾಯಿತು. ಶಾಲೆಯೂ ಅದರ ಜೊತೆಗೇ ಹೋಯಿತೆಂದು ಮೇಷ್ಟ್ರು ಇನ್‌ಸ್ಪೆಕ್ಟರ ಕಡೆ ತಿರುಗಲಿಲ್ಲ.

"ಅಯ್ಯಯ್ಯೋ, ಕೈಯಾರೆ ಕರಗಿಸಿದ್ನಲ್ಲಪ್ಪಾ! ಹಿಂಗೇ ಬಿಟ್ರೆ ಮನೆಗೆ ಒಳ್ಳೇದಾಗಲ್ಲ. ಇನ್ನೊಂದು ಮಾಡಿಸ್ಕೊಡ್ರಿ" ಎಂದಳು ಕೆಂಚಕ್ಕ.

ಮೇಷ್ಟ್ರಿಗೆ ಎಲ್ಲಿಂದ ಧೈರ್ಯ ಬಂತೋ! "ಹಾಲು ಹೊಯ್ದವರ ಮಕ್ಕಳೇ ಮಾಡಬೇಕಮ್ಮ. ಶಾಲೆಗೆ ಕಳಿಸಿ, ಕಲಿಸ್ತೀನಿ."

"ನಮ್ ಹುಡುಗ ಪಾತಣ್ಣ ಕುರಿ ಹೊಡ್ಕೊಂಡು ಹೋಗ್ತಾನಲ್ರಿ?"

"ಕುರಿ ಅವರಪ್ಪ ಕಾಯ್ಲಿ ಬಿಡೇ" ಎಂದಳು ಪಕ್ಕದ ಮನೆಯ ದೊಡ್ಡಕ್ಕ, "ಕಟ್ಟೆ ಮೇಲೆ ಕುಂತು ಅವ್ನೇನು ಕಡಿದು ಕಟ್ಟೆ ಹಾಕ್ತಾನೆ?"

ಉಳಿದವರೂ ಹಾಲು ಹೊಯ್ದವರೇ. ನಾಗಪ್ಪನ ಜೊತೆ ಚೌಕಾಸಿ ಯಾರಿಗೆ ಬೇಕು? ಎಲ್ಲರೂ ಒಪ್ಪಿದರು. ಇನ್‌ಸ್ಪೆಕ್ಟರು ನಗು ತಡೆದುಕೊಂಡು ಅಲ್ಲೇ ಹೊಸ ಹುಡುಗರ ಹೆಸರು ಬರೆಸಿಕೊಂಡರು.

ಶಾಲೆ ನಮ್ಮಲ್ಲೇ ಉಳಿಯಿತು. ಮೇಷ್ಟ್ರೂ ಪಿಂಚಣಿಯವರೆಗೆ ಇಲ್ಲೇ ಉಳಿದು, ಪ್ರತಿ ಪಂಚಮಿಗೂ ಮನೆಮನೆಗೆ ನಾಗಪ್ಪನನ್ನು ಮಾಡಿಸಿಕೊಟ್ಟರು. ಪಾತಣ್ಣ ಮೊದಲ ವರ್ಷವೆಲ್ಲ ಕಲಿತದ್ದು ಹಾವೊಂದನ್ನೇ, ಅಕ್ಷರ ಆಮೇಲೆ. ಮೇಷ್ಟ್ರು ಅವನ ಹಾಜರಿ ಹಾಕುವುದನ್ನಂತೂ ಒಂದು ದಿನವೂ ತಪ್ಪಿಸಲಿಲ್ಲ.