ಮಣಿಪಾಲಕ್ಕೆ ಜೊಲ್ಲು ಕೊಟ್ಟದ್ದು

ಎಂಬತ್ತರ ದಶಕದ ಒಂದು ಬೇಸಗೆ. ಬಲಗಡೆಯ ದವಡೆ ಹಲ್ಲುಗಳೆಲ್ಲ ಆಗಲೇ ನನ್ನನ್ನು ಬಿಟ್ಟುಹೋಗಿದ್ದವು. ಎಡಗಡೆ ಉಳಿದಿದ್ದ ಒಂದರ ಹುಳುಕನ್ನು ತುಂಬಿಸಿದ ಮಣಿಪಾಲದ ದಂತವೈದ್ಯರು, "ಇದು ಪುನಃ ಹಾಳಾದರೆ ಕೀಳುವುದೇ" ಎಂದಿದ್ದರು. ನಲವತ್ತಕ್ಕೇ ಸೆಟ್ಟು ಹಲ್ಲು ಹಾಕಿಕೊಂಡು ಜೀವವಿಮೆ ಮಾರುವುದು ಹೇಗೆ? ಎದುರಿಗಿದ್ದವರು ಪಾಲಿಸಿ ಬಿಟ್ಟು ನನ್ನ ಆಯುಷ್ಯವನ್ನೇ ಅಳೆದಾರು.

ವಿಚಿತ್ರವೆಂದರೆ ಹೆಂಡತಿಗೆ ಒಂದೇ ಒಂದು ಹುಳುಕಿರಲಿಲ್ಲ. ಅದೇ ಬಾವಿಯ ನೀರು, ಅದೇ ಅಡುಗೆ. ಇದನ್ನು ಕೇಳಿದ್ದೇ ವೈದ್ಯರು ನನ್ನನ್ನು ಅಲ್ಲಿಯೇ ಮೇಲಿನ ಓದು ಓದುತ್ತಿದ್ದ ಒಬ್ಬ ಯುವತಿಯ ಬಳಿಗೆ ಕಳುಹಿಸಿದರು. ಜೊಲ್ಲಿನಲ್ಲಿ ಪ್ರೊಟೀನುಗಳಿವೆಯಂತೆ. ಅವು ಹಲ್ಲಿನ ಮೇಲೆ ತೆಳು ಪೊರೆಯಾಗಿ ಕೂರುತ್ತವಂತೆ. ಕೆಲವು ಹಲ್ಲನ್ನು ಕಾಯುತ್ತವೆ, ಕೆಲವು ಕ್ರಿಮಿಗಳಿಗೇ ಹಿಡಿದುಕೂರಲು ಜಾಗ ಕೊಡುತ್ತವೆ. ಹುಳುಕು ಹಿಡಿದ ದೊಡ್ಡವರ ಜೊಲ್ಲನ್ನೂ ಹಿಡಿಯದವರ ಜೊಲ್ಲನ್ನೂ ಆಕೆ ಹೋಲಿಸಿ ನೋಡುತ್ತಿದ್ದಳು. ನನಗೆ ರೋಮಾಂಚನ. ಹಾಗಾದರೆ ತಪ್ಪು ನನ್ನದಲ್ಲ, ಪ್ರೊಟೀನಿನದು.

ಹೇಳಿದ ದಿನ ನಾನೂ ಹೆಂಡತಿಯೂ ಖಾಲಿ ಹೊಟ್ಟೆಯಲ್ಲಿ ಕಾರ್ಕಳದಿಂದ ಮೊದಲ ಬಸ್ಸು ಹಿಡಿದೆವು. ನಾನಂತೂ ದಿಬ್ಬಣಕ್ಕೆ ಹೊರಟವನ ಹಾಗಿದ್ದೆ. ತಲೆ ಬಗ್ಗಿಸಿ ಸುಮ್ಮನೆ ಕುಳಿತು, ಬಂದ ಜೊಲ್ಲನ್ನು ಗಾಜಿನ ನಳಿಕೆಗೆ ಇಳಿಬಿಡಬೇಕು, ಅಷ್ಟೇ. ಹೆಂಡತಿಯ ನಳಿಕೆ ತುಂಬುತ್ತ ಬಂತು. ನನ್ನ ಬಾಯಿ ಕಾಪು ಕಡಲತಡಿಯ ಮರಳು. ಬಾರದಿದ್ದರೆ ಏನು ಗತಿ ಎಂದು ಚಿಂತಿಸಿದಷ್ಟೂ ಒಣಗಿತು.

"ಬಿಂಬುಳಿ ಉಪ್ಪಿನಕಾಯಿ ನೆನೆಸಿಕೊಳ್ಳಿ," ಎಂದಳು ಹೆಂಡತಿ.

"ಅಕ್ಕ, ಹುಳಿ ಸುದ್ದಿ ತೆಗೆಯಬೇಡಿ. ತಾನಾಗಿ ಬಂದದ್ದೇ ಬೇಕು," ಎಂದ ಯುವತಿ ನನ್ನ ಕಡೆ ತಿರುಗಿದಳು. "ಸರ್, ಯಾವಾಗಲೂ ಹೀಗೆ ಬಾಯಿ ಒಣಗುತ್ತದಾ?"

"ಇವರಿಗಾ? ಬಸ್ಸು ತಡವಾದರೂ ಒಣಗುತ್ತದೆ, ಬೇಗ ಬಂದರೂ ಒಣಗುತ್ತದೆ."

"ಸಿಹಿ ತಿನ್ನುವುದುಂಟಾ?"

"ಇಲ್ಲವೇ ಇಲ್ಲ," ಎಂದೆ.

"ಮತ್ತೆ ಬೆಲ್ಲ?" ಎಂದಳು ಹೆಂಡತಿ. "ಪಾಲಿಸಿಗೆ ಹೋದ ಮನೆಯಲ್ಲೆಲ್ಲ ಬೆಲ್ಲ ನೀರು ಕೊಡುತ್ತಾರೆ, ಅಲ್ವಾ? ಇವರು ಬೆಲ್ಲ ಕಡಿಯದ ಜಗಲಿ ನಮ್ಮೂರಲ್ಲಿಲ್ಲ."

"ಅದು ತಿನ್ನುವುದಲ್ಲ ಮಾರಾಯ್ತಿ, ಮರ್ಯಾದೆ."

ಯುವತಿ ನಗು ತಡೆದುಕೊಂಡಳು. "ಹಲ್ಲಿಗೆ ಅದು ಗೊತ್ತಾಗುವುದಿಲ್ಲ ಸರ್. ಬಾಯಿ ಒಣಗಿದಾಗ ತೊಳೆಯಲು ಜೊಲ್ಲೂ ಇಲ್ಲ. ಪ್ರೊಟೀನಿನ ವಿಷಯ ನಾನು ಈಗಲೇ ಹೇಳಲಾರೆ, ತುಂಬ ಜನರದ್ದು ನೋಡಬೇಕು. ನೀರು ಕುಡಿಯಿರಿ, ಬೆಲ್ಲ ಬಿಡಿ. ಆ ಹಲ್ಲು ಉಳಿದೀತು."

ಕೊನೆಗೆ ನನ್ನ ನಳಿಕೆಯ ತಳ ಮಾತ್ರ ಒದ್ದೆಯಾಯಿತು. ಅಷ್ಟು ಸಾಕೆಂದಳು, ದಾಕ್ಷಿಣ್ಯಕ್ಕೋ ಏನೋ.

ಹಿಂದಿರುಗುವಾಗ ಹಿರಿಯಡ್ಕದಲ್ಲಿ ಇಳಿದೆವು. ತಿಂಗಳುಗಟ್ಟಲೆ ಪಾಲಿಸಿಗೆ ಒಪ್ಪದೆ ನನ್ನನ್ನು ಅಲೆದಾಡಿಸಿದ್ದ ಗೃಹಸ್ಥರೊಬ್ಬರ ಮನೆ ಅಲ್ಲಿತ್ತು. ಬೆಲ್ಲದ ತಟ್ಟೆ ಬಂತು. ಮುಟ್ಟದಿದ್ದರೆ ಅವರಿಗೆ ಅವಮಾನ, ಮುಟ್ಟಿದರೆ ನನ್ನ ಹಲ್ಲು. ನನ್ನ ಕೈ ಹೊರಟೇ ಬಿಟ್ಟಿತ್ತು. ಹೆಂಡತಿ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇವರ ಪಾಲಿನದ್ದೂ ನಾನೇ ತಿನ್ನುತ್ತೇನೆ. ಇವರದ್ದು ಮಣಿಪಾಲದಲ್ಲಿ ಪರೀಕ್ಷೆಗೆ ಕೊಟ್ಟಿದ್ದೇವೆ."

ಗೃಹಸ್ಥರ ಮುಖ ಸಪ್ಪಗಾಯಿತು. "ದೊಡ್ಡದು ಎಂತ ಇಲ್ಲ ಅಲ್ವಾ?" ಎಂದು ಮೆಲ್ಲಗೆ ಕೇಳಿದರು. ಆಮೇಲೆ, ತಮ್ಮ ಪಾಲಿಸಿಯನ್ನು ಇವತ್ತೇ ಮಾಡಿಬಿಡುವಾ ಎಂದರು.

ಹೆಂಡತಿ ಕಟಕಟ ಬೆಲ್ಲ ಕಡಿಯುತ್ತಿದ್ದಳು. ಮಣಿಪಾಲದಲ್ಲಿ ಬಾರದ ಜೊಲ್ಲು ಆಗ ಬಾಯಿ ತುಂಬ ಬಂತು. ಅದನ್ನು ನಾಲಗೆಯಿಂದ ಎಡಗಡೆಯ ಹಲ್ಲಿಗೆ ಒಮ್ಮೆ ಸುತ್ತು ಹಾಕಿಸಿ, ನುಂಗಿದೆ.