ಪುಟ್ಟತ್ತೆಯ ಹಾಳು ಕೈ

ನಿನ್ನೆ ಪಕ್ಕದ ಮನೆಯ ನಾಮಕರಣ ಮುಗಿದ ಮೇಲೆ ಒಬ್ಬ ಹುಡುಗಿ ದೊಡ್ಡ ಸ್ಟೀಲ್ ಡಬ್ಬಿ ಹೊತ್ತು ನಮ್ಮ ಬಾಗಿಲಿಗೂ ಬಂದಳು. "ಅಜ್ಜಿ, ಎಕ್ಸ್‌ಟ್ರಾ ಅನ್ನ ಇದ್ದರೆ ಕೊಡಿ, ಹಸಿದವರಿಗೆ ತಲುಪಿಸ್ತೀವಿ." ಡಬ್ಬಿಯ ತಳಕ್ಕೆ ಬಾಳೆಲೆ ಹಾಸಿದ್ದರು. ಬಿಸಿ ಅನ್ನಕ್ಕೆ ಎಲೆ ಬಾಡಿದ ಆ ವಾಸನೆ ಬಂತು ನೋಡಿ, ನಾನು ಶಿವನಸಮುದ್ರದ ಕ್ವಾರ್ಟರ್ಸಿನ ಹಿತ್ತಲಲ್ಲಿ ನಿಂತಿದ್ದೆ.

ಮೂವತ್ತರ ದಶಕದ ಮಾತು. ಅಪ್ಪನಿಗೆ ಪವರ್ ಹೌಸಿನಲ್ಲಿ ಕೆಲಸ. ನಾನು ಮೈಸೂರಿನ ಕಾನ್ವೆಂಟಿನಿಂದ ರಜಕ್ಕೆ ಬಂದಿದ್ದೆ. ಬಾಯ್ತುಂಬ ಇಂಗ್ಲಿಷು, ಮಂಡಿತುಂಬ ಗಾಯ. ಅಡುಗೆಮನೆ ಅಪ್ಪನ ಅಕ್ಕ ಪುಟ್ಟತ್ತೆಯದು. ವಿಧವೆ. ಬೋಳಿಸಿದ ತಲೆ, ಕೆಂಪು ಸೀರೆ, ದಿನಕ್ಕೊಂದೇ ಊಟ; ಏಕಾದಶಿಗೆ ಅದೂ ಇಲ್ಲ.

ಅವಳ ಅನ್ನ ದಿನಾ ಮಿಗುತ್ತಿತ್ತು. "ಈ ವಯಸ್ಸಲ್ಲೂ ನಿನಗೆ ಅಳತೆ ಬರಲಿಲ್ಲವಲ್ಲೇ" ಅಂತ ಅಪ್ಪ ಹಂಗಿಸೋರು. "ಹಾಳು ಕೈ" ಅಂತ ಅತ್ತೆ ತನ್ನ ಕೈಗೇ ಬೈದುಕೊಳ್ಳೋಳು. ಮಧ್ಯಾಹ್ನ ಬೆರಣಿ ಮಾರುವ ನಿಂಗಮ್ಮ ಹಿತ್ತಲಿಗೆ ಬರೋಳು. ಗಂಡನನ್ನು ಹೊಳೆ ಎಳೆದುಕೊಂಡಿತ್ತು. ಸೊಂಟದ ಮೇಲೆ ಪುಟ್ಟ ಮಗಳು. ಒಕ್ಕಲು ಮನೆತನದ ಬಿಗುಮಾನ, ಸುಮ್ಮನೆ ಕೊಟ್ಟರೆ ಮುಟ್ಟುವವಳಲ್ಲ. ಅದಕ್ಕೇ ಅತ್ತೆಯ ನಾಟಕ: "ಇವತ್ತೂ ಮಿಕ್ಕಿಹೋಯ್ತು ಕಣೇ ನಿಂಗಿ. ಅನ್ನ ಚೆಲ್ಲಿದ ಪಾಪ ನನಗೆ ಬೇಡ."

"ಅದೇನ್ ಕೈಯವ್ವಾ ನಿಮ್ದು! ಕೊಡಿ ಅತ್ಲಾಗೆ" ಅಂತ ನಿಂಗಮ್ಮ ನಮಗೇ ಉಪಕಾರ ಮಾಡುವವಳಂತೆ ಎಲೆಪೊಟ್ಟಣ ಸೆರಗಿಗೆ ಕಟ್ಟಿಕೊಳ್ಳೋಳು.

"ಇದಕ್ಕೆ ಚಾರಿಟಿ ಅಂತಾರೆ ಅತ್ತೆ" ಅಂತ ನಾನು ಪಾಠ ಒಪ್ಪಿಸಿದೆ. ಅರ್ಥ ಕೇಳಿ ತಿಳಿದುಕೊಂಡು, "ಆ ಮಾತು ನಿಂಗಿ ಮುಂದೆ ಎತ್ತಬೇಡ, ಬೆರಣೀಲೇ ಹೊಡೀತಾಳೆ" ಅಂದಳು.

ಅಪ್ಪನಿಗೆ ವೇಸ್ಟ್ ಆಗದು. ಒಂದು ದಿನ ಉಗ್ರಾಣಕ್ಕೆ ಬೀಗ ಹಾಕಿ, ತಾವೇ ಅಕ್ಕಿ ಅಳೆದುಕೊಡತೊಡಗಿದರು. ಕೆಟ್ಟವರಲ್ಲ. ನಿಜ ಹೇಳಿದ್ದರೆ ನಿಂಗಮ್ಮನನ್ನು ಕರೆದೇ ಕೊಡೋರು, ನಾಲ್ಕು ಜನರೆದುರು. ಆಮೇಲೆ ಅವಳು ಬರುತ್ತಿದ್ದಳೇ? ಅತ್ತೆ ಹೇಳಲಿಲ್ಲ.

ಆದರೂ ಅನ್ನ ಮಿಗುವುದು ನಿಲ್ಲಲಿಲ್ಲ. ನಾವು ಉಂಡೆದ್ದ ಮೇಲೆ ಅತ್ತೆ ತನ್ನ ಪಾಲನ್ನೇ ಎಲೆಯಲ್ಲಿ ಕಟ್ಟಿ, ಒಂದು ಲೋಟ ಮಜ್ಜಿಗೆ ಕುಡಿಯೋಳು. "ಹಸಿವಿಲ್ಲ ಕಣೇ." ನಾನು ನಂಬಿದೆ.

ನಿಂಗಮ್ಮ ನಂಬಲಿಲ್ಲ. ಒಂದು ಏಕಾದಶಿ ಕಳೆದು ಎರಡು ದಿನದ ಮೇಲೆ, ಪೊಟ್ಟಣ ಹಿಡಿದು ನಿಂತೇ ಇದ್ದಳು.

"ಅಲ್ಲ ಕಣವ್ವಾ, ಏಕಾದಸಿ ದಿನ ಮಾತ್ರ ಯಾಕೆ ಮಿಗಾಕಿಲ್ಲ? ಎಂಜಲೆಲೇಲಿ ಅನ್ನ ಅಂಟಿರ್ತದೆ, ಮನೇವ್ರೆಲ್ಲ ಉಂಡಿರ್ತಾರೆ. ಉಪಾಸ ಇರೋರು ನೀವೊಬ್ರೇ."

"ಹಾಳು ಕೈ ಕಣೇ..." ಅಂತ ಅತ್ತೆ ಶುರುಮಾಡಿದಳು.

"ನಿಮ್ ಒಟ್ಟೆ ಕಟ್ಟಿ ನನ್ ಕೂಸು ಬೆಳೀಬೇಕಾ? ಬ್ಯಾಡ, ಬುಡಿ." ಪೊಟ್ಟಣವನ್ನು ಒಗೆಯುವ ಕಲ್ಲಿನ ಮೇಲಿಟ್ಟಳು. ಅವ್ವನ ಸೊಂಟದಿಂದ ಆ ಮಗು ಪೊಟ್ಟಣವನ್ನೇ ನೋಡುತ್ತ ಹೋಯಿತು.

ಮರುದಿನ ಬರಲಿಲ್ಲ. ಮದ್ದೂರಿನ ಕಡೆ ಕಬ್ಬಿನ ಗದ್ದೆಗೆ ಕೂಲಿಗೆ ಹೋದಳಂತೆ. ನನ್ನ ರಜ ಮುಗಿಯುವವರೆಗೂ ಅತ್ತೆ ಪೊಟ್ಟಣ ಕಟ್ಟಿಕೊಂಡು ಹಿತ್ತಲ ಬಾಗಿಲಲ್ಲಿ ಕೂತಳು. ಹೊತ್ತು ಇಳಿದ ಮೇಲೆ ತಣ್ಣಗಾದ ಅನ್ನವನ್ನು ತಾನೇ ಉಣ್ಣೋಳು, ಕಷಾಯ ಕುಡಿದಂತೆ. "ಆ ಕೂಸು ಇವತ್ತು ಉಂಡಿತೋ ಇಲ್ಲವೋ" ಅಂತ ಕೇಳೋಳು, ಯಾರನ್ನು ಅಂತಿಲ್ಲದೆ.

"ಅಜ್ಜಿ?" ಅಂದಳು ಹುಡುಗಿ.

ನನ್ನ ಕುಕ್ಕರಿನಲ್ಲಿ ಒಬ್ಬಳಿಗಾಗುವಷ್ಟೇ ಇತ್ತು. ನನ್ನ ಅಳತೆ ಎಂದೂ ತಪ್ಪದು. ಅದೇ ಇಷ್ಟು ವರ್ಷದ ಜಂಬ. "ಸಾರಿ ಕಣಮ್ಮ, ನಾಳೆ ಬಾ. ಮಿಕ್ಕಿರುತ್ತೆ."

"ಈಗಲೇ ಹೇಗೆ ಗೊತ್ತು?" ಅಂತ ನಕ್ಕು ಹೋದಳು.

ಇವತ್ತು ಬೆಳಿಗ್ಗೆ ಅಕ್ಕಿಗೆ ಕೈ ಹಾಕಿದೆ. ಒಂದು ಹಿಡಿ, ಮೇಲೆ ಇನ್ನೆರಡು. "ಹಾಳು ಕೈ" ಅಂದೆ, ಗಟ್ಟಿಯಾಗಿಯೇ. ಹಂಗಿಸಲು ಮನೆಯಲ್ಲಿ ಯಾರೂ ಇರಲಿಲ್ಲ.