ಆ ದಿನ ಅರಮನೆ ತೆರೆದಿತ್ತು

ಆ ದಿನ ಅರಮನೆ ಬಂದ್ ಇರಲಿಲ್ಲ. ಬಂದ್ ಇದೆ ಎಂದು ನನ್ನ ಅಕ್ಕನಿಗೆ ಸುಳ್ಳು ಹೇಳಿದವನು ನಾನು. ಅವಳನ್ನು ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲಿ ಬಿಟ್ಟು, ಹೆಂಡತಿಯನ್ನು ಕರೆದುಕೊಂಡು, ಅಕ್ಕ ನೋಡಬೇಕೆಂದಿದ್ದ ಅದೇ ಅರಮನೆಗೆ ಹೋಗಿ ಬಂದೆ. ಇಷ್ಟು ಹೇಳಲು ನನಗೆ ವರ್ಷಗಳೇ ಹಿಡಿದವು — ಬರೆದು ನೋಡಿದರೆ ನಾಲ್ಕು ಸಾಲಿನ ಮಾತು.

ಗೋಕಾಕದ ಪೇಟೆಯಲ್ಲಿ ನನ್ನದು ಪೈಪು, ಪಂಪುಗಳ ಅಂಗಡಿ. ನೀಲಕ್ಕ ನನ್ನ ಹಿರಿಯಕ್ಕ. ಹುಕ್ಕೇರಿ ಕಡೆಯ ಶಾಲೆಯಲ್ಲಿ ಸಮಾಜ ಪಾಠ ಕಲಿಸಿ ನಿವೃತ್ತಳಾಗಿ, ಈಗ ಮೂಡಲಗಿಯಲ್ಲಿ ಮಗ-ಸೊಸೆಯ ಜೊತೆ ಇದ್ದಾಳೆ. ನಮ್ಮ ಮೊದಲ ವಿದೇಶ ಪ್ರವಾಸಕ್ಕೆ ಫ್ರಾನ್ಸ್ ಎಂದು ಗೊತ್ತು ಮಾಡಿದವಳು ಅವಳೇ. ನನ್ನ ಹೆಂಡತಿ ಸವಿತಾಗೆ ಮ್ಯೂಸಿಯಂಗಳು ಬೇಕಿದ್ದವು. ನನಗೆ — ಖರೆ ಹೇಳುತ್ತೇನೆ — ಹೋಗಿ ಬಂದ ಹೆಸರು ಬೇಕಿತ್ತು. ಅಕ್ಕನಿಗೆ ಬೇಕಾದದ್ದು ಒಂದೇ: ನದಿಗೆ ಅಡ್ಡಲಾಗಿ, ಕಮಾನುಗಳ ಮೇಲೆ ಕಟ್ಟಿದ ಒಂದು ಅರಮನೆ. ಅದರ ಚಿತ್ರವನ್ನು ಯಾವುದೋ ಪುಸ್ತಕದಲ್ಲಿ ನೋಡಿದ್ದಳು. ನಮ್ಮ ಹೊಳೆಗೆ ಧುಪದಾಳದಲ್ಲಿ ಕಟ್ಟಿದ ಒಡ್ಡಿನ ಮೇಲೆ ಯಾರಾದರೂ ಮನೆ ಕಟ್ಟಿದರೆ ಹೇಗಿದ್ದೀತು, ಹಾಗೆ ಅದು, ಎಂದು ಮಕ್ಕಳಿಗೆ ಹೇಳುತ್ತಿದ್ದಳಂತೆ. ರಾಜರ ಕಾಳಗ ಕಲಿಸಿ ಕಲಿಸಿ ಸಾಕಾಗಿದೆ, ಆ ಮಂದಿ ಒಳಗೆ ಬಾಳುವೆ ಹೇಗೆ ಮಾಡುತ್ತಿದ್ದರು ಅನ್ನುವುದನ್ನು ನೋಡಬೇಕು ಎನ್ನುತ್ತಿದ್ದಳು.

ಪ್ರವಾಸ ಕಂಪನಿಯವರ ಹಿಂದೆ ಕುರಿಯಂತೆ ಹೋಗುವುದು ಬೇಡ, ಎಲ್ಲವನ್ನೂ ನಾನೇ ಹೊಂದಿಸುತ್ತೇನೆ ಎಂದು ಹಟ ಹಿಡಿದೆ. ಗಿರಾಕಿ ಎದುರಿಗೆ ನಿಂತು ಬಾವಿಯ ಆಳ ಹೇಳುತ್ತಿದ್ದರೆ ನಾನು ಮೊಬೈಲಿನಲ್ಲಿ ಫ್ರಾನ್ಸಿನ ರೈಲು ನೋಡುತ್ತಿದ್ದೆ. ಯಾವ ಮ್ಯೂಸಿಯಂಗೆ ಯಾವ ವಾರ ರಜೆ, ಯಾವ ಅರಮನೆಗೆ ನಿಲ್ದಾಣದಿಂದ ಬಸ್ಸಿದೆ, ಯಾವುದಕ್ಕೆ ನಡೆಯಬೇಕು — ನಮ್ಮ ಗೋಕಾಕ ಬಸ್ ನಿಲ್ದಾಣದ ವೇಳೆಗಿಂತ ಅವೇ ನನಗೆ ಬಾಯಿಪಾಠವಾಗಿದ್ದವು. ಒಂದೇ ದಿನದಲ್ಲಿ ಎರಡು ಅರಮನೆ ಕೂಡಿಸಿದ ದಿನ ಮೀಸೆ ತಿರುವಿಕೊಂಡೆ. ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನೇ ಹೇಳಿದೆ.

ಇಷ್ಟೆಲ್ಲ ಯೋಚಿಸಿದವನು ಒಂದನ್ನು ಯೋಚಿಸಲಿಲ್ಲ — ಅಕ್ಕನ ಲಿಂಗಪೂಜೆ. ಸ್ನಾನವಾಗಬೇಕು, ವಿಭೂತಿ ಧರಿಸಬೇಕು, ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂಡಬೇಕು. ಅದು ಮುಗಿಯುವ ತನಕ ಬಾಯಿಗೆ ಒಂದು ಹನಿ ನೀರೂ ಇಲ್ಲ. ಗೊತ್ತಿರಲಿಲ್ಲ ಅಂತಲ್ಲ. ಅದೇ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು, ನನ್ನ ಕೊರಳಲ್ಲೂ ಲಿಂಗವಿದೆ. ಆದರೆ ನನ್ನದು ಹಣೆಗೆ ಮುಟ್ಟಿಸಿ ಅಂಗಡಿಗೆ ಓಡುವ ಪೂಜೆ. ಎಲ್ಲರದೂ ಹಾಗೆಯೇ ಮುಗಿಯುತ್ತದೆ ಎಂದು…

ಊರಲ್ಲಿ ಕೋಳಿ ಕೂಗುವ ಮೊದಲೇ ಏಳುವವಳು ಅಲ್ಲಿ ಹೋದ ಮೇಲೆ ನಿದ್ದೆಗೆಟ್ಟಳು. ರಾತ್ರಿಯೆಲ್ಲ ಹೊರಳಾಡಿ ಬೆಳಗಿನ ಜಾವಕ್ಕೆ ಕಣ್ಣು ಮುಚ್ಚುತ್ತಿದ್ದಳು. ಎದ್ದ ಮೇಲಾದರೂ ಅವಸರವಿದೆಯೇ? ಮೂಡಲಗಿಯಿಂದ ತಂದ ಒಣಗಿದ ಪತ್ರಿ ಮನಸ್ಸಿಗೆ ಬರಲಿಲ್ಲವೆಂದು ಒಂದು ಹೂವಿಗಾಗಿ ಹೋಟೆಲಿನ ಹಿಂದಿನ ಗಲ್ಲಿಗೆ ಇಳಿದುಹೋದಳು. ಆ ಹೊತ್ತಿಗೆ ನಾನು ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ಮೊಬೈಲು ನೋಡುತ್ತ, ಹಲ್ಲು ಕಡಿಯುತ್ತಿದ್ದೆ. ಮೊದಲನೆಯ ಮ್ಯೂಸಿಯಂ ತಲುಪಿದಾಗ ನಮ್ಮ ಟಿಕೀಟಿನ ಹೊತ್ತು ದಾಟಿತ್ತು. ಬಾಗಿಲಲ್ಲಿದ್ದ ಹೆಣ್ಣುಮಗಳು ಏನೋ ಹೇಳಿ ನಮ್ಮನ್ನು ಬೇರೆ ಸಾಲಿಗೆ ಕಳಿಸಿದಳು, ಆ ಸಾಲು ಮುಂದೆ ಸರಿಯಲೇ ಇಲ್ಲ. ಒಳಗೆ ಹೋದ ಮೇಲೆ ಅಕ್ಕ ಒಂದು ಹಳೆಯ ಮಣ್ಣಿನ ಹಣತೆಯ ಮುಂದೆ ನಿಂತುಬಿಟ್ಟಳು — ನಮ್ಮ ಕುಂಬಾರ ಮಾಡಿದ ಹಾಗೇ ಇದೆಯಲ್ಲ, ಇಲ್ಲಿ ಬತ್ತಿ ಸುಟ್ಟ ಕಲೆ ನೋಡು ಎಂದು. ಇನ್ನೂ ಎಷ್ಟೋ ಕೋಣೆ ಬಾಕಿ ಇದ್ದವು. ನನ್ನ ಮೈಯೆಲ್ಲ ಉರಿಯುತ್ತಿತ್ತು. ತೋಳು ಹಿಡಿದು ಎಳೆದುಕೊಂಡು ಹೋಗಲಿಲ್ಲ, ಅಷ್ಟೇ. ಮರುದಿನವೂ ಇದೇ ಪಾಡು.

ನದಿಯ ಮೇಲಿನ ಅರಮನೆಗೆ ಹೋಗುವ ರೈಲು ನಸುಕಿನಲ್ಲೇ ಹೊರಡುವುದಿತ್ತು. ಆಮೇಲೆ ಇನ್ನೊಂದು ರೈಲೂ ಇತ್ತು. ಅದನ್ನು ಹಿಡಿದರೆ ಅಕ್ಕನ ಪೂಜೆ ನಿಧಾನವಾಗಿ ಮುಗಿಯುತ್ತಿತ್ತು, ಒಂದು ಅರಮನೆಯನ್ನು ಸಮಾಧಾನದಿಂದ ನೋಡಬಹುದಿತ್ತು. ಅದೇ ದಿನಕ್ಕೆ ಕೂಡಿಸಿದ್ದ ಎರಡನೆಯ ಅರಮನೆ ತಪ್ಪುತ್ತಿತ್ತು, ಇಷ್ಟೇ. ಈ ವಿಚಾರ ನನಗೆ ಹೊಳೆಯಲಿಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಹೊಳೆಯಿತು. ಬೇಡವೆಂದೆ — ಒಂದೇ ದಿನಕ್ಕೆ ಎರಡು ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದೆನಲ್ಲ…

ಸಂಜೆ ಅಕ್ಕ ಕಾಲು ಒತ್ತಿಕೊಳ್ಳುತ್ತ ಮಂಚದ ಮೇಲೆ ಕೂತಿದ್ದಳು. ಅವಳ ಮುಖ ನೋಡದೆ ಹೇಳಿದೆ, "ಅಕ್ಕಾ, ನಾಳೆ ಆ ಅರಮನಿ ಬಂದ್ ಐತಂತ. ನೀ ಆರಾಮ ಪೂಜಾ ಮಾಡ್ಕೊಂಡ ಕುಂಡ್ರು. ನಾವಿಬ್ರೂ ಪ್ಯಾಟಿ ಕಡೆ ಹೋಗಿ ಬರ್ತೇವಿ."

"ಬಂದ್ ಇದ್ರ ಏನ್ ಮಾಡೂದೋ ತಮ್ಮಾ," ಅಂದಳು. "ಅವರಿಗೂ ಸೂಟಿ ಬೇಕಲ್ಲ."

ಒಂದು ಮಾತು ಎದುರಾಡಿದ್ದರೆ! ಇನ್ನೊಂದು ದಿನ ಹೋಗೋಣ ಎಂದಿದ್ದರೆ! ಎಲ್ಲ ಲೆಕ್ಕ ಹಾಕಿದ ತಮ್ಮ ರಜೆಯ ದಿನ ನೋಡಿರಲಿಲ್ಲವೇ ಎಂದು ಕೇಳಿದ್ದರೂ ಸಾಕಿತ್ತು. ಕೇಳಲಿಲ್ಲ, ನಂಬಿದಳು. ಸವಿತಾಗೆ ಬೇರೆಯೇ ಹೇಳಿದೆ — ಅಕ್ಕನಿಗೆ ಮೊಣಕಾಲು ನೋವಂತೆ, ತಾನೇ ಒಲ್ಲೆ ಅಂದಳು ಎಂದು. ಸವಿತಾ ಮರುಗಿದಳು, ನಾವೂ ಬಿಡೋಣವೇ ಎಂದಳು. ಟಿಕೀಟು ಹಾಳಾಗುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದೆ.

ನಾವು ಹೊರಬಿದ್ದಾಗ ಅಕ್ಕನಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಹೋದೆವು, ನೋಡಿದೆವು, ಬಂದೆವು. ಸಂಜೆ ಕೋಣೆಗೆ ಬಂದರೆ ಅಕ್ಕ ಮೊಸರಿನಲ್ಲಿ ಅವಲಕ್ಕಿ ಕಲಸಿ, ಶೇಂಗಾ ಚಟ್ನಿ ತೆಗೆದಿಟ್ಟು ನಮ್ಮ ದಾರಿ ಕಾಯುತ್ತಿದ್ದಳು. ಪೇಟೆ ತಿರುಗಿ ದಣಿದಿರಬೇಕು, ಮೊದಲು ಉಣ್ಣಿರಿ ಎಂದಳು. ಸವಿತಾ ಸ್ನಾನಕ್ಕೆ ಹೋಗಿದ್ದಳು, ಬಚಾವಾದೆ ಎಂದುಕೊಂಡೆ. ಆ ಅವಲಕ್ಕಿಯನ್ನು ಹೇಗೆ ನುಂಗಿದೆನೋ — ನುಂಗಿದೆ ಮಾತ್ರ ಹೌದು, ಎರಡನೆಯ ಸಲವೂ ಹಾಕಿಸಿಕೊಂಡೆ.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರೆ. ಆಮೇಲಿನ ನನ್ನ ಬಾಳೆಲ್ಲ ಆ ಇಬ್ಬರು ಹೆಂಗಸರನ್ನು ಮಾತಿಗೆ ಬಿಡದಂತೆ ಕಾಯುವುದೇ ಆಯಿತು. ಕಣಗಲಾದಲ್ಲಿ ಬೀಗರ ಮನೆಯ ಕಾರ್ಯವೊಂದರಲ್ಲಿ ಸವಿತಾ ಫೋಟೋ ತೋರಿಸಲು ಮೊಬೈಲು ತೆಗೆದಳು, ಅಕ್ಕ ಕನ್ನಡಕ ಏರಿಸಿಕೊಂಡಳು. ಹೊತ್ತಾಯಿತು, ಗಾಡಿ ಹತ್ತಿರಿ ಎಂದು ನಾನು ಎಲ್ಲರೆದುರು ಒದರಾಡಿದೆ. ಊಟದ ಪಂಕ್ತಿ ಇನ್ನೂ ಕೂತಿರಲಿಲ್ಲ. ಇವನಿಗೇನು ಹುಚ್ಚೇ ಎಂಬಂತೆ ಮಂದಿ ನೋಡಿದರು. ಸಿಟ್ಟು ಬರುತ್ತಿತ್ತು — ಸವಿತಾಳ ಮೇಲೆ, ಮೊಬೈಲಿನ ಮೇಲೆ, ಎಲ್ಲಕ್ಕಿಂತ ಹೆಚ್ಚು ಅಕ್ಕನ ಮೇಲೆ. ಯಾಕೆಂದರೆ ಅವಳು ಹೋದಲ್ಲೆಲ್ಲ ನನ್ನನ್ನು ಹೊಗಳುತ್ತಿದ್ದಳು. ನನ್ನ ತಮ್ಮ ಎಲ್ಲ ತೋರಿಸಿದ, ಒಂದು ಅರಮನೆಗೆ ಮಾತ್ರ ಸೂಟಿ ಇತ್ತು, ಅವನೇನು ಮಾಡಿಯಾನು…

ಮೊನ್ನೆ ಅವಳು ಕಲಿಸುತ್ತಿದ್ದ ಶಾಲೆಯವರು ಪ್ರವಾಸದ ಬಗ್ಗೆ ಮಕ್ಕಳಿಗೆ ಹೇಳಲು ಕರೆದರು. ಹುಕ್ಕೇರಿಯ ತನಕ ಕಾರಿನಲ್ಲಿ ಕರೆದೊಯ್ದವನು ನಾನೇ. ಅಕ್ಕ ಆ ಹಣತೆಯ ಬಗ್ಗೆಯೇ ಎಷ್ಟೋ ಹೊತ್ತು ಮಾತಾಡಿದಳು. ಮಕ್ಕಳು ಅಲುಗಾಡದೆ ಕೇಳಿದರು. ಕೊನೆಗೆ ಒಬ್ಬ ಹುಡುಗಿ ಎದ್ದು, ರಾಜರ ಅರಮನೆಯೊಳಗೆ ಏನೇನಿತ್ತು ಎಂದು ಕೇಳಿದಳು. ನಾಲ್ಕು ಮಾತು ಕಟ್ಟಿ ಹೇಳಬಹುದಿತ್ತು, ಯಾರು ಹೋಗಿ ನೋಡುತ್ತಿದ್ದರು? ಅಕ್ಕ ಹಾಗೆ ಮಾಡಲಿಲ್ಲ. "ನಾ ನೋಡಲಾರದ್ದನ್ನ ಹೆಂಗ ಹೇಳ್ಲೆವ್ವಾ?" ಅಂದಳು. "ಅವತ್ತ ಅದು ಬಂದ್ ಇತ್ತು." ಹುಡುಗಿ ಮುಖ ಸಣ್ಣ ಮಾಡಿ ಕೂತಳು. ನನಗೆ ಅಲ್ಲಿ ಕೂಡಲಾಗಲಿಲ್ಲ.

ತಿರುಗಿ ಬರುವಾಗ ಧುಪದಾಳದ ಹತ್ತಿರ ಕಾರು ಬದಿಗೆ ನಿಲ್ಲಿಸಿದೆ. ಗಾಡಿ ಕೆಟ್ಟಿತೇ ಎಂದು ಕೇಳಿದಳು.

"ಅಕ್ಕಾ, ಅವತ್ತ ಅರಮನಿ ಬಂದ್ ಇರಲಿಲ್ಲ," ಅಂದೆ. "ನಿನ್ನ ಪೂಜಾಕ್ಕ ತಡ ಆಗ್ತೈತಿ ಅಂತ ಸುಳ್ಳ ಹೇಳಿದೆ. ನಾನೂ ಸವಿತಾನೂ ಹೋಗಿ ಬಂದ್ವಿ. ಅಕಿಗೂ ಗೊತ್ತಿಲ್ಲ."

ಬಯ್ಯುತ್ತಾಳೆ ಎಂದು ಕಾದೆ. ಅಳುತ್ತಾಳೇನೋ ಎಂದು ಹೆದರಿದೆ. ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು, "ಅಡಗಿಮನಿ ಎಲ್ಲಿತ್ತು?"

ನನಗೆ ಗೊತ್ತಿರಲಿಲ್ಲ. ಕೆಳಗೆ ಇಳಿಯುವ ಒಂದು ಮೆಟ್ಟಿಲ ಸಾಲಿತ್ತು, ಅಲ್ಲಿ ಗದ್ದಲವಿತ್ತು, ಎರಡನೆಯ ಅರಮನೆಗೆ ಹೊತ್ತಾಗುತ್ತದೆ ಎಂದು ಸವಿತಾಳನ್ನು ಹೊರಗೆ ಕರೆದುಕೊಂಡು ಬಂದಿದ್ದೆ.

ಹೊಳೆಯ ನೀರು ಮೇಲೆ ಹೇಗೆ ಎತ್ತುತ್ತಿದ್ದರು ಎಂದಳು. ಪಂಪು ಮಾರಿ ಬದುಕುವವನು ನಾನು. ಅದನ್ನೂ ನೋಡಿರಲಿಲ್ಲ. ಕಿಟಕಿಯಿಂದ ಹೊಳೆ ಹೇಗೆ ಕಾಣುತ್ತಿತ್ತು ಎಂದಳು. ನೆನಪು ಮಾಡಿಕೊಂಡೆ, ಎಷ್ಟು ಮಾಡಿಕೊಂಡರೂ ನನ್ನ ಕಣ್ಣ ಮುಂದೆ ಬಂದದ್ದು ಕೈಗಡಿಯಾರವೇ. ಎರಡನೆಯ ಅರಮನೆಯದಂತೂ ಬಾಗಿಲೂ ನೆನಪಿಲ್ಲ.

ಆಗ ಅವಳು ನನ್ನ ಕಡೆ ತಿರುಗಿದಳು. ಚಿಕ್ಕಂದಿನಿಂದ ನನ್ನನ್ನು ಎತ್ತಿ ಆಡಿಸಿದವಳ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಕಂಡಿರಲೇ ಇಲ್ಲ.

"ನನ್ನ ಬಿಟ್ಟ ಹೋದಿ, ಹೋಗ್ಲಿ," ಅಂದಳು. "ನೀನರ ನೋಡಬೇಕಿತ್ತಲ್ಲೋ."

ಮೂಡಲಗಿಯಲ್ಲಿ ಮನೆಯ ಮುಂದೆ ಇಳಿದು, ಒಳಗೆ ಬಾ ಎಂದು ಕರೆಯದೆ ಹೋದಳು. ಸವಿತಾಗೆ ಹೇಳುವುದು ಇನ್ನೂ ಬಾಕಿ ಇದೆ. ಇವತ್ತು ಹೇಳುತ್ತೇನೆ.